ಚಂದ್ರಿಕೆಯ ಹೊರಸುತ್ತು

1998 ಜನವರಿ 11, ಭಾನುವಾರ

ಆಂಜಿನಿ ಬೆಳಿಗ್ಗೆ ಹಾಲಿನ ಸೊಸೈಟಿಯ ಕೆಲಸ ಮುಗಿಸಿ ಚಿಕ್ಕಬಳ್ಳಾಪುರಕ್ಕೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಮೇಲೂರಿಗೆ ವಾಪಸು ಬಂದಳು. ಅಲ್ಲಿ ರಾಮಲಕ್ಷ್ಮಮ್ಮ ಎಂಬುವರು ಇದ್ದಾರಂತೆ. ಹೈಸ್ಕೂಲಿನ ಹೆಡ್‌ಮೇಡಂ ಆಗಿ ನಿವೃತ್ತರಾದವರು, ಎಂ.ಎ. ಓದಿದವರು. ಪ್ರೊಬೇಷನರ್ ಪರೀಕ್ಷೆಗೆ ಪ್ರತಿ ಭಾನುವಾರ ಪಾಠ ಹೇಳಿಕೊಡಲು ಒಪ್ಪಿದ್ದಾರಂತೆ. ಒಂದು ಪೈಸೆಯೂ ಬೇಡ ಅಂದರಂತೆ.

ಒಳ್ಳೆಯದಾಯಿತು ಅಂದೆ. ಒಳ್ಳೆಯದೇ ತಾನೆ. ತಹಸೀಲ್ದಾರರಂಥ ಹುದ್ದೆಗೆ ನಡೆಯುವ ಪರೀಕ್ಷೆ ಇದು, ವರ್ಷ ವರ್ಷ ಕರೆಯುವುದಿಲ್ಲ. ಹೋದ ಸಲ ಇವಳು ಮೊದಲನೇ ಮೆಟ್ಟಿಲಲ್ಲೇ, ಪೂರ್ವಭಾವಿಯಲ್ಲೇ, ನಿಂತುಬಿಟ್ಟಳು. ಈ ಸಲವೂ ತಪ್ಪಿದರೆ ವಯಸ್ಸು ಮೀರುತ್ತದೆ. ಆಮೇಲೆ ಜೀವಮಾನವೆಲ್ಲ ಹಾಲಿನ ಡಿಗ್ರಿ ನೋಡಿಕೊಂಡು ಕೂರಬೇಕು. ಆದರೂ ನನಗೊಂದು ಮಾತು ಹೇಳದೆ ಹೋಗಿ ಗೊತ್ತು ಮಾಡಿಕೊಂಡು ಬಂದಳಲ್ಲ.

ಇವಳು ನನ್ನ ತಂಗಿ ಗಂಗುಲಮ್ಮನ ಮಗಳು. ಗಂಗುಲಿ ತೀರಿಕೊಂಡಾಗ ಇವಳಿಗೆ ಐದು ವರ್ಷ. ನನಗೆ ಮಕ್ಕಳಿಲ್ಲ, ಗಂಡನೂ ಆಗಲೇ ಹೋಗಿದ್ದ. ಒಂದನೇ ಕ್ಲಾಸಿಗೆ ಸೇರಿಸಿದ ದಿನ ಇವಳು ಸ್ಲೇಟಿನ ಮೇಲೆ ಅ ಬರೆದಳು. ನಾನು ಎದುರಿಗೆ ಕೂತು ನೆಲದ ಮೇಲೆ ಇದ್ದಿಲಲ್ಲಿ ಅ ಬರೆದೆ. ಎದುರಿಗೆ ಕೂತು ಕಲಿತದ್ದರಿಂದ ನನಗೆ ಅಕ್ಷರಗಳೆಲ್ಲ ಮೊದಲು ತಲೆಕೆಳಗಾಗಿಯೇ ಬಂದವು. ಇವತ್ತಿಗೂ ಎದುರಿನವರು ಹಿಡಿದ ಪೇಪರನ್ನು ನಾನು ಈ ಕಡೆಯಿಂದಲೇ ಓದಬಲ್ಲೆ. ಎಬಿಸಿಡಿಯನ್ನೂ ಹಾಗೆಯೇ ಕಲಿತೆ. ಅಕ್ಷರ ಬಂತು, ಇಂಗ್ಲಿಷ್ ಬರಲಿಲ್ಲ. ಅಷ್ಟರಲ್ಲಿ ಅವಳು ನನ್ನನ್ನು ಬಿಟ್ಟು ಮುಂದೆ ಹೋಗಿದ್ದಳು.

ಇನ್ನು ಪರೀಕ್ಷೆಯ ವಿಚಾರದಲ್ಲಿ ನಾನೇನು ಸುಮ್ಮನೆ ಕೂತವಳಲ್ಲ. ಗೋಡೆಗೆ ಒಂದು ಹಳೇ ಚಂದ್ರಿಕೆ ನೇತುಹಾಕಿದ್ದೇನೆ. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟೆ ಅದು. ಮೈಮೇಲೆ ಬಿದಿರು ಪಟ್ಟಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಹುಳು ಇಡುವ ಸಂದಿನಲ್ಲಿ ನಾನು ಪೇಪರಿನ ತುಂಡುಗಳನ್ನು ಸಿಗಿಸುತ್ತೇನೆ. ನಟ್ಟನಡುವಿನ ಸುತ್ತಿನಲ್ಲಿ ಸಂವಿಧಾನ, ಅದರಾಚೆ ಚರಿತ್ರೆ, ಆಮೇಲೆ ಭೂಗೋಳ, ವಿಜ್ಞಾನ. ಹೊರಸುತ್ತಿನಲ್ಲಿ ಅವತ್ತವತ್ತಿನ ವರ್ತಮಾನ. ಪರೀಕ್ಷೆಯ ಪಟ್ಟಿಯಲ್ಲಿರುವುದೆಲ್ಲ ಅದರಲ್ಲಿದೆ. ಮನೆಗೆ ಬಂದ ಯಾವ ಕಾಗದವಾದರೂ, ಕರೆಂಟು ಬಿಲ್ಲಾದರೂ, ಮೊದಲು ಹೊರಸುತ್ತಿಗೆ. ಸೊಸೈಟಿಯಿಂದ ಬಂದವಳು ಕಾಲು ತೊಳೆಯುವುದಕ್ಕೂ ಮುಂಚೆ ಅದರ ಮುಂದೆ ನಿಲ್ಲುತ್ತಾಳೆ. ಹತ್ತು ವರ್ಷದಿಂದ ಇದೇ ಪದ್ಧತಿ.

ಇವತ್ತು ನಿಲ್ಲಲಿಲ್ಲ. ಸುಸ್ತಾಗಿತ್ತೋ ಏನೋ.

ಜನವರಿ 25, ಭಾನುವಾರ

ಊಟಕ್ಕೆ ಕೂತಾಗಿನಿಂದ ಕೈ ತೊಳೆಯುವ ತನಕ ಹನ್ನೊಂದು ಸಲ "ಮೇಡಂ ಹೇಳಿದ್ರು." ಮೇಡಂ ಪುಸ್ತಕ ಮುಟ್ಟುವುದೇ ಇಲ್ಲವಂತೆ. ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿ, ಇಸವಿ ಸಮೇತ ಎಲ್ಲ ಬಾಯಲ್ಲೇ ಹೇಳುತ್ತಾರಂತೆ. ಇವಳು ಓದಬೇಕು, ತಪ್ಪಿದ ಕಡೆ ಅವರು ನಿಲ್ಲಿಸಬೇಕು.

ನಾನೂ ಸಂವಿಧಾನದ ಮೂಲಭೂತ ಹಕ್ಕುಗಳನ್ನೆಲ್ಲ ಬಾಯಲ್ಲೇ ಹೇಳಬಲ್ಲೆ. ಹುಳುವಿಗೆ ಸೊಪ್ಪು ಕತ್ತರಿಸುತ್ತಾ ಹೇಳಬಲ್ಲೆ. ಅದನ್ನು ಯಾರೂ ಬೇರೆ ಊರಿನಲ್ಲಿ ಹೋಗಿ ಹೊಗಳುವುದಿಲ್ಲ.

ಫೆಬ್ರವರಿ 3

ಇವತ್ತು ಮಂಗಳವಾರ. ಆದರೂ ಹೋಗಿದ್ದಳು. ಅಲ್ಲೇ ಊಟವಂತೆ. ನಾನು ಮಾಡಿದ್ದ ಹುರುಳಿಕಾಳಿನ ಬಸ್ಸಾರು ಹಾಗೇ ಇದೆ.

ಫೆಬ್ರವರಿ 15, ಭಾನುವಾರ

ಆ ಮೇಡಂ ಇವಳನ್ನು ಅಂಜನಾ ಅಂತ ಕರೆಯುತ್ತಾರಂತೆ. ಸಂದರ್ಶನದಲ್ಲಿ ಚೆನ್ನಾಗಿ ಕೇಳಿಸುತ್ತದಂತೆ. ಆಂಜಿನಮ್ಮ ಅನ್ನುವುದು ನಮ್ಮವ್ವನ ಹೆಸರು. ಅವ್ವ ಕಣ್ಣು ಮುಚ್ಚಿದ ವರ್ಷ ಹುಟ್ಟಿದಳು ಅಂತ ಗಂಗುಲಿ ಹಟ ಮಾಡಿ ಇಟ್ಟದ್ದು. ನಾನು ಪಾತ್ರೆ ಸ್ವಲ್ಪ ಜೋರಾಗಿ ಇಟ್ಟೆ.

ಆಮೇಲೆ ಚಂದ್ರಿಕೆಯಿಂದ ಚರಿತ್ರೆಯ ಸುತ್ತಿನ ಕಾಗದಗಳನ್ನೆಲ್ಲ ಕಿತ್ತುಕೊಂಡಳು. ಮೇಡಂ ವಿಷಯವಾರು ಫೈಲು ಮಾಡು ಅಂದರಂತೆ. ನನ್ನ ಮುಖ ನೋಡಿ, "ಧೂಳು ಕೂರುತ್ತೆ ದೊಡ್ಡಮ್ಮ, ಅದಕ್ಕೇ," ಅಂದಳು. ದಿನಾ ಒರೆಸುವವಳು ನಾನು. ಧೂಳು ಎಲ್ಲಿಂದ ಬಂತು?

ಈಗ ಚಂದ್ರಿಕೆ ಬೋಳು ಬೋಳಾಗಿ ಕಾಣುತ್ತದೆ. ನಡುವೆ ಸಂವಿಧಾನ, ಹೊರಗೆ ವರ್ತಮಾನ. ಮಧ್ಯೆ ಏನೂ ಇಲ್ಲ.

ಮಾರ್ಚ್ 4, ಬುಧವಾರ

ಪೋಸ್ಟಿನ ಕೋನಪ್ಪ ಬಂದು ಒಂದು ಕಾರ್ಡು ಕೊಟ್ಟ. ಆಂಜಿನಿಯ ಹೆಸರಿಗೆ. ಕಾರ್ಡಿಗೆ ಲಕೋಟೆ ಇಲ್ಲವಲ್ಲ, ಓದಿದರೆ ತಪ್ಪಿಲ್ಲ.

"ಚಿ. ಅಂಜನಾ, ಪರೀಕ್ಷೆಯ ಕ್ರಮ ಬದಲಾಗಿದೆ. ಹೊಸ ಪಠ್ಯಕ್ರಮದ ಪ್ರತಿ ಗೌರಿಬಿದನೂರಿನ ಚೆನ್ನರಾಯಪ್ಪನಿಂದ ಬಂದಿದೆ. ಶನಿವಾರ ಹಿಂತಿರುಗಿಸಬೇಕು. ಭಾನುವಾರಕ್ಕೆ ಕಾಯದೆ ಶುಕ್ರವಾರವೇ ಬಾ. ಐಚ್ಛಿಕ ವಿಷಯ ಯಾವುದೆಂದು ಇದನ್ನು ನೋಡದೆ ಅರ್ಜಿ ಹಾಕಬೇಡ."

ಅಕ್ಷರ ದಪ್ಪ ದಪ್ಪ. ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ. ಎಂ.ಎ. ಓದಿದವರ ಬರವಣಿಗೆ ಇದು. ನಂದೇ ವಾಸಿ.

ಕಾರ್ಡನ್ನು ಚಂದ್ರಿಕೆಯ ಹೊರಸುತ್ತಿಗೆ ಸಿಗಿಸಿದೆ. ಮನೆಗೆ ಬಂದ ಕಾಗದ ಅಲ್ಲಿಗೇ ಹೋಗುವುದು. ಯಾವತ್ತಿನ ಹಾಗೆ ನೋಡಿದರೆ ಕಣ್ಣಿಗೆ ಬೀಳುತ್ತದೆ.

ಮಾರ್ಚ್ 5

ನೋಡಲಿಲ್ಲ.

ಮಾರ್ಚ್ 6, ಶುಕ್ರವಾರ

ನೋಡಲಿಲ್ಲ. ಹತ್ತೂವರೆ ಬಸ್ಸು ಹೋಯಿತು. ಹನ್ನೆರಡರದೂ ಹೋಯಿತು. ಅವಳು ಚಂದ್ರಿಕೆಗೆ ಬೆನ್ನು ಮಾಡಿ ಕೂತು ಫೈಲು ಓದುತ್ತಿದ್ದಳು.

ನಾನೇನು ಬಚ್ಚಿಟ್ಟಿಲ್ಲ.

ಮಾರ್ಚ್ 8, ಭಾನುವಾರ

ಹೋದವಳು ಎರಡು ಗಂಟೆಗೇ ವಾಪಸು ಬಂದಳು. ಮೇಡಂ ಮನೆಗೆ ಬೀಗ. ಚಿಂತಾಮಣಿಯಲ್ಲಿ ಮಗಳ ಮನೆಗೆ ಹೋಗಿದ್ದಾರೆ, ಬರುವುದು ಒಂದು ವಾರವಾಗುತ್ತೆ ಅಂತ ಪಕ್ಕದ ಮನೆಯವರು ಅಂದರಂತೆ. "ನನಗೊಂದು ಮಾತು ಹೇಳ್ದೆ ಹೋಗಿದ್ದಾರಲ್ಲ ದೊಡ್ಡಮ್ಮ," ಅಂತ ಮುಖ ಸಣ್ಣ ಮಾಡಿಕೊಂಡಳು. ಹೇಳದೆ ಹೋದರೆ ಹೇಗಿರುತ್ತದೆ ಅಂತ ಅವಳಿಗೂ ಗೊತ್ತಾಗಲಿ ಅಂದುಕೊಂಡೆ.

ರಾತ್ರಿಗೆ ಅವಳಿಗಿಷ್ಟವಾದ ಮುದ್ದೆ, ಉಪ್ಸಾರು ಮಾಡಿದೆ. ನನ್ನ ಪಕ್ಕ ಕೂತು ಉಂಡಳು. ಬಹಳ ದಿನವಾಗಿತ್ತು.

ಮಾರ್ಚ್ 15, ಭಾನುವಾರ

ಇಪ್ಪತ್ತನೇ ತಾರೀಕು ಅರ್ಜಿ ಅಂಚೆಗೆ ಹಾಕಲು ಕಡೇ ದಿನ. ತಪ್ಪಾದರೆ ಅಳಿಸಬಹುದು ಅಂತ ಮೊದಲು ಪೆನ್ಸಿಲಿನಲ್ಲಿ ತುಂಬಿದಳು. ಐಚ್ಛಿಕ ವಿಷಯದ ಕಡೆ "ಇತಿಹಾಸ" ಅಂತ ಬರೆದಳು. ಬುಧವಾರ ಇಂಕಿನಲ್ಲಿ ತಿದ್ದಿ, ಶಿಡ್ಲಘಟ್ಟದಲ್ಲಿ ರಿಜಿಸ್ಟರು ಮಾಡುತ್ತಾಳಂತೆ. ಬರೆದು ಮುಗಿಸಿ ನನ್ನ ಕಡೆ ತಿರುಗಿಸಿ ಹಿಡಿದಳು, ಓದು ಅಂತ. ತಿರುಗಿಸಬೇಕಾಗಿರಲಿಲ್ಲ. ಆಗಲೇ ಓದಿದ್ದೆ.

ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಆಗ ಬೀಳದಿದ್ದರೆ ಆಮೇಲೆ ತೋಟವನ್ನೇ ತಂದು ಸುರಿದರೂ ಗೂಡು ತೆಳ್ಳಗೇ. ಇದು ನನಗೆ ಗೊತ್ತಿರುವ ಕೆಲಸ. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಾ ನಿಂತವಳಿಗೆ ಇದೇ ನೆನಪಾಗಿ ಕೈ ನಡೆಯಲಿಲ್ಲ.

ಕಾರ್ಡು ಅಲ್ಲೇ ಇದೆ. ಈಗ ತೆಗೆದುಕೊಟ್ಟರೆ ಮೇಲಿನ ಮುದ್ರೆಯ ತಾರೀಕು ಓದುತ್ತಾಳೆ. ಹೇಗೆ ಕೊಡುವುದು?

ಮಾರ್ಚ್ 17, ಮಂಗಳವಾರ

ಇವತ್ತಿನದು ದೊಡ್ಡದಿದೆ. ನಿಧಾನವಾಗಿ ಬರೆಯುತ್ತೇನೆ.

ಆಂಜಿನಿ ಸೊಸೈಟಿಗೆ ಹೋದ ಮೇಲೆ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ. ಪಕ್ಕದ ಮನೆ ಮುನಿಶಾಮಮ್ಮನಿಗೆ ಮಂಡಿನೋವಿಗೆ ದೊಡ್ಡಾಸ್ಪತ್ರೆಗೆ ಅಂತ ಹೇಳಿದ್ದೆ. ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ ಚಿಕ್ಕಬಳ್ಳಾಪುರದಲ್ಲಿ ಇಳಿದು, ಕೇಳಿಕೊಂಡು ಹೋದೆ. ಮೇಡಂ ಊರಿಂದ ಬಂದಿದ್ದರು. ನನಗಿಂತ ನಾಲ್ಕಾರು ವರ್ಷ ದೊಡ್ಡವರು, ತೆಳ್ಳಗೆ, ಇಸ್ತ್ರಿ ಸೀರೆ. ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. ಆದರೆ ನೋಟ ನನ್ನ ಕಿವಿಯ ಪಕ್ಕದಲ್ಲಿ ಹೋಗುತ್ತಿತ್ತು.

"ಯಾರು?" ಅಂದರು.

"ಆಂಜಿನಮ್ಮನ ದೊಡ್ಡಮ್ಮ," ಅಂದೆ.

"ಓ, ಅಕ್ಕಯಮ್ಮನೋರು," ಅಂದವರೇ ಕುರ್ಚಿ ತಡವಿ ಮುಂದೆ ತಳ್ಳಿದರು. ಕೈಯಲ್ಲಿ ತಡವಿದ್ದನ್ನು ನೋಡಿಯೇ ನನಗೆ ಗೊತ್ತಾಯಿತು. ಎರಡು ಕಣ್ಣಿಗೂ ಪೊರೆ. ಪುಸ್ತಕ ಮುಟ್ಟದೆ ಪಾಠ ಹೇಳುವುದರ ಗುಟ್ಟು ಇದು. ಚಿಂತಾಮಣಿಗೆ ಹೋಗಿದ್ದೂ ಕಣ್ಣಿನ ಡಾಕ್ಟರಿಗೆ ತೋರಿಸುವುದಕ್ಕಂತೆ.

ಏನು ಹೇಳಬೇಕು ಅಂತ ಬಸ್ಸಿನಲ್ಲಿ ಯೋಚಿಸಿಕೊಂಡಿದ್ದದ್ದೆಲ್ಲ ಮರೆತುಹೋಯಿತು. ಗಂಟು ಬಿಚ್ಚಿ ಕಾರ್ಡು ಅವರ ಕೈಗಿಟ್ಟೆ. ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು.

"ತಲುಪಲಿಲ್ಲ ಅಂದ್ಕೊಂಡಿದ್ದೆ," ಅಂದರು.

"ತಲುಪಿತ್ತು ಅಮ್ಮ. ನಾನೇ ಕೊಡಲಿಲ್ಲ."

ಯಾಕೆ ಅಂತ ಕೇಳುತ್ತಾರೆ ಅಂತ ಕಾದೆ. ಕೇಳಲಿಲ್ಲ. ಶುಕ್ರವಾರವೆಲ್ಲ ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ದರಂತೆ. ಶನಿವಾರ ಚೆನ್ನರಾಯಪ್ಪ ಬಂದು ಪುಸ್ತಕ ತೆಗೆದುಕೊಂಡು ಹೋದನಂತೆ. ಅವನು ಅವರ ಹಳೇ ಶಿಷ್ಯ, ಈಗ ಕಾಲೇಜಿನಲ್ಲಿ ಮೇಷ್ಟ್ರು. ಕಾರ್ಡನ್ನು ನನ್ನ ಕೈಗೇ ವಾಪಸಿಟ್ಟು ಹೇಳಿದರು:

"ನಾನು ಏನಾದ್ರೂ ಹೇಳಿಕೊಟ್ರೆ ಸಾಕು, ಇದನ್ನ ನಮ್ಮ ದೊಡ್ಡಮ್ಮ ಆಗಲೇ ಹೇಳಿದ್ರು ಅಂತಾಳೆ. ನಲವತ್ತು ವರ್ಷ ಪಾಠ ಮಾಡಿದೀನಿ, ಯಾವ ಇನ್ಸ್‌ಪೆಕ್ಟರಿಗೂ ನಾನು ಹೀಗೆ ಹೊಟ್ಟೆ ಉರ್ಕೊಂಡಿರಲಿಲ್ಲ. ಆ ಕಾಗದಗಳನ್ನ ಚಂದ್ರಿಕೆಯಿಂದ ತೆಗೆಸಿದ್ದು ಫೈಲಿಗೋಸ್ಕರ ಅಂತ ನೀವು ತಿಳ್ಕೊಂಡ್ರೇನು?"

ನನಗೆ ನಗು ಬಂತು. ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದಿದ್ದರಿಂದ ಬಾಯಿಗೆ ಸೆರಗು ಹಿಡಿದುಕೊಂಡೆ. ಅವರು ಎದ್ದು ಚಪ್ಪಲಿ ಹುಡುಕತೊಡಗಿದರು. "ಗೌರಿಬಿದನೂರು ಬಸ್ಸಿಗೆ ಇನ್ನೂ ಹೊತ್ತಿದೆ. ನನಗೆ ಬೋರ್ಡು ಕಾಣಲ್ಲ, ಅದನ್ನ ನೀವು ಓದ್ಬೇಕು."

ಹನ್ನೆರಡೂವರೆಗೆ ಗೌರಿಬಿದನೂರು ಮುಟ್ಟಿದೆವು. ಚೆನ್ನರಾಯಪ್ಪ ಮಜ್ಜಿಗೆ ಕೊಟ್ಟು, ಪುಸ್ತಕ ಕೈಗಿತ್ತು ಕಾಲೇಜಿಗೆ ಹೋದರು. ಸಾಯಂಕಾಲದ ಬಸ್ಸಿಗೆ ಅದನ್ನು ಮಧುಗಿರಿಯ ಯಾರಿಗೋ ಕಳಿಸಬೇಕಂತೆ. ಜೆರಾಕ್ಸ್ ಅಂಗಡಿಗೆ ಹೋದರೆ ಕರೆಂಟಿಲ್ಲ, ಆರು ಗಂಟೆಗೆ ಬರುತ್ತೆ ಅಂದ ಅಂಗಡಿಯವನು. ಆರು ಗಂಟೆಗೆ ನಮ್ಮ ಬಸ್ಸೂ ಇಲ್ಲ, ಪುಸ್ತಕವೂ ಇರುವುದಿಲ್ಲ.

ಹಿಂತಿರುಗಿ ಬಂದು ಜಗುಲಿಯ ಮೇಲೆ ಕೂತೆವು. ಪುಸ್ತಕವೆಲ್ಲ ಇಂಗ್ಲಿಷು. ನನಗೆ ಅಕ್ಷರ ಕಾಣುತ್ತದೆ, ಮಾತು ತಿಳಿಯದು. ಅವರಿಗೆ ಮಾತು ಗೊತ್ತು, ಅಕ್ಷರ ಕಾಣದು. ಆಮೇಲೆ ನಾನು ಒಂದೊಂದೇ ಅಕ್ಷರ ಹೇಳತೊಡಗಿದೆ. ಆರ್, ಯು, ಆರ್, ಎ, ಎಲ್. ಅವರು ಕೂಡಿಸಿ "ರೂರಲ್, ಗ್ರಾಮೀಣ" ಅನ್ನುವರು. ನಾನು ಕನ್ನಡದಲ್ಲಿ ಬರೆದುಕೊಳ್ಳುವೆ. ಮೊದಲನೇ ಪುಟಕ್ಕೆ ಒಂದು ಗಂಟೆ ಹಿಡಿಯಿತು. ಎರಡನೆಯದಕ್ಕೆ ಅರ್ಧ. ಆಮೇಲೆ ನಾನು ನಾಲ್ಕು ಅಕ್ಷರ ಹೇಳುವಷ್ಟರಲ್ಲಿ ಅವರು ಇಡೀ ಪದ ಹೇಳಿಬಿಡುತ್ತಿದ್ದರು, ಪದದ ಬಾಲ ನೋಡಿ ನಾನೂ ಊಹಿಸುತ್ತಿದ್ದೆ. ಪುಸ್ತಕ ಅವರ ತೊಡೆಯ ಮೇಲೆ ಅವರ ಕಡೆಗೇ ತಿರುಗಿಕೊಂಡಿತ್ತು. ತಿರುಗಿಸಿಕೊಳ್ಳಿ ಅಂದರು. ಬೇಡ, ನನಗೆ ಹೀಗೇ ಸಲೀಸು ಅಂದೆ.

ಐಚ್ಛಿಕ ವಿಷಯಗಳ ಭಾಗಕ್ಕೆ ಬಂದೆವು. ಆಂಜಿನಿ ಇಷ್ಟು ವರ್ಷ ಓದಿದ ಇತಿಹಾಸಕ್ಕೂ ಇಲ್ಲಿರುವುದಕ್ಕೂ ಅರ್ಧಕ್ಕರ್ಧ ಹೊಂದುವುದಿಲ್ಲ ಅಂದರು ಮೇಡಂ. ಅವರ ಮುಖ ಕಪ್ಪಿಟ್ಟಿತು. ನಾನು ಮುಂದಿನ ಪುಟ ತಿರುವಿ ಅಕ್ಷರ ಹೇಳುತ್ತಾ ಹೋದೆ. ಗ್ರಾಮೀಣಾಭಿವೃದ್ಧಿ ಮತ್ತು ಸಹಕಾರ ಅಂತ ಬಂತು. ಸಹಕಾರ ಸಂಘದ ನಿಯಮ, ಆಡಳಿತ ಮಂಡಳಿ, ಹಾಲು ಒಕ್ಕೂಟ, ರೇಷ್ಮೆ ಸಾಕಣೆ. ನನ್ನ ಪೆನ್ನು ನಿಂತಿತು.

"ಅಮ್ಮ, ಇದನ್ನ ಅವಳು ಹತ್ತು ವರ್ಷದಿಂದ ದಿನಾ ಎರಡು ಹೊತ್ತು ಮಾಡ್ತಾವ್ಳೆ."

ಮೇಡಂ ನನ್ನ ಕೈ ಹುಡುಕಿ ಹಿಡಿದುಕೊಂಡರು. "ಬರೀರಿ, ಬರೀರಿ. ಒಂದಕ್ಷರ ಬಿಡಬೇಡಿ."

ಹದಿನಾರು ಹಾಳೆ ಆಯಿತು. ಬೆರಳು ಇನ್ನೂ ಮಡಚಲು ಬರುತ್ತಿಲ್ಲ.

ಮಾರ್ಚ್ 18, ಬುಧವಾರ

ಹಾಳೆಗಳನ್ನು ಚಂದ್ರಿಕೆಯಲ್ಲಿ ಚರಿತ್ರೆಯ ಸುತ್ತು ಖಾಲಿಯಿದ್ದ ಕಡೆ ಸಿಗಿಸಿದೆ. ಕಾರ್ಡನ್ನೂ ಸಿಗಿಸಿದೆ, ಮುದ್ರೆ ಕಾಣುವ ಹಾಗೆ. ಆಂಜಿನಿ ಸೊಸೈಟಿಯಿಂದ ಬಂದು ಇಂಕು ಪೆನ್ನು ತೆಗೆದುಕೊಂಡು ಅರ್ಜಿಯ ಮುಂದೆ ಕೂತಳು. ಚಂದ್ರಿಕೆಯ ಕಡೆ ನೋಡಲಿಲ್ಲ. ಇವತ್ತು ಅವಳು ನೋಡಲಿ ಅಂತ ಕಾಯುವ ಹಾಗಿರಲಿಲ್ಲ.

"ಇಂಕು ಮುಟ್ಟಿಸಬೇಡ ಕಣಮ್ಮ. ಮೊದಲು ಚಂದ್ರಿಕೆ ನೋಡು," ಅಂದೆ.

ಎದ್ದು ನೋಡಿದಳು. ಹಾಳೆಗಳನ್ನು ಓದಿದಳು. ಕಾರ್ಡು ಓದಿದಳು. ಮತ್ತೆ ತಿರುಗಿಸಿ ಮುದ್ರೆಯ ತಾರೀಕು ಓದಿದಳು. ನಾನು ಒಲೆಯ ಹತ್ತಿರ ನಿಂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಹದಿನಾಲ್ಕು ದಿವಸ, ದೊಡ್ಡಮ್ಮ."

"ಇಲ್ಲೇ ಇತ್ತು. ನೀನು ನೋಡ್ತೀಯ ಅಂತಿದ್ದೆ."

"ನಾನು ನೋಡಲಿಲ್ಲ. ನೀನು ಹೇಳಲಿಲ್ಲ."

ಆಮೇಲೆ ರಬ್ಬರು ತೆಗೆದು ಇತಿಹಾಸ ಅಳಿಸಿದಳು. ಅರ್ಜಿಯನ್ನೂ ಹದಿನಾರು ಹಾಳೆಗಳನ್ನೂ ಚೀಲಕ್ಕೆ ಹಾಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದಳು. ಊಟ ಮಾಡಲಿಲ್ಲ. ಕಾರ್ಡು ಮಾತ್ರ ಇಲ್ಲೇ ಬಿಟ್ಟಳು.

ಮಾರ್ಚ್ 20

ಅರ್ಜಿ ನಿನ್ನೆ ರಿಜಿಸ್ಟರ್ ಆಗಿದೆ, ಗ್ರಾಮೀಣಾಭಿವೃದ್ಧಿ ಅಂತ. ಕೋನಪ್ಪ ಹೇಳಿದ್ದು, ಅವಳಲ್ಲ.

ಮಾರ್ಚ್ 28, ಯುಗಾದಿ

ಒಬ್ಬಟ್ಟು ತಿಂದಳು. ಮಾತು ಅಷ್ಟಕ್ಕಷ್ಟೆ.

ಏಪ್ರಿಲ್ 12, ಭಾನುವಾರ

ಬೇಸಿಗೆಗೆ ಸೊಸೈಟಿಯಲ್ಲಿ ಕೆಲಸ ಹೆಚ್ಚು, ಹೊಸ ವಿಷಯ ಓದಬೇಕು, ದಾರಿಯಲ್ಲೇ ಅರ್ಧ ದಿನ ಹೋಗುತ್ತೆ ಅಂತ ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಮೇಡಂ ಹೇಳಿದ್ದನ್ನು ನಾನು ಹೋಗಿ ಬರೆದುಕೊಂಡು ಬರುತ್ತೇನೆ ಅಂದೆ. ನನ್ನ ಮುಖ ನೋಡಿದಳು. ನಂಬಲೋ ಬೇಡವೋ ಅನ್ನುವ ನೋಟ. ನಂಬದಿದ್ದರೆ ತಪ್ಪೇನೂ ಇಲ್ಲ. ಕೊನೆಗೆ, "ಒಂದಕ್ಷರ ಬಿಡಬಾರದು," ಅಂದಳು. ಅದು ಮೇಡಂ ಮಾತು. ಇರಲಿ.

ಮೇ 10, ಭಾನುವಾರ

ಮೇಡಂಗೆ ಬಲಗಣ್ಣಿನ ಆಪರೇಷನ್ ಆಗಿದೆ. ಹಸಿರು ಬಟ್ಟೆ ಕಟ್ಟಿಕೊಂಡು ಕೂತಿದ್ದರು. ಪೇಪರು ಓದಿ ಹೇಳಿದೆ, ಸಂಪಾದಕೀಯವನ್ನೂ ಬಿಡಲಿಲ್ಲ. ಒಂದು ಸುದ್ದಿಗೆ ಇಬ್ಬರಿಗೂ ಜಗಳವಾಯಿತು. ರಾಜ್ಯಪಾಲರ ಅಧಿಕಾರದ ಬಗ್ಗೆ ಅವರು ಹೇಳಿದ್ದು ತಪ್ಪು, ಸಂವಿಧಾನದ ಸುತ್ತಿನಲ್ಲಿ ಬೇರೆ ಇದೆ ಅಂದೆ. ಮನೆಗೆ ಬಂದು ನೋಡಿದರೆ ನಂದೇ ಸರಿ. ಮುಂದಿನ ವಾರ ಆ ತುಂಡನ್ನೇ ತೆಗೆದುಕೊಂಡು ಹೋಗುತ್ತೇನೆ.

ಅವರಿಗೆ ಹುರುಳಿಕಾಳಿನ ಬಸ್ಸಾರು ಕೊಂಡೊಯ್ದಿದ್ದೆ. ಖಾರ ಅಂದರು. ಪೂರ್ತಿ ಊಟ ಮಾಡಿದರು.

ಜೂನ್ 28

ಹುಳು ಹಣ್ಣಾಗಿವೆ. ಬರೆಯಲು ಬಿಡುವಿಲ್ಲ. ಆದರೂ ಭಾನುವಾರ ತಪ್ಪಿಸದೆ ಇವತ್ತೂ ಹೋಗಿ ಬಂದೆ. ಇಲ್ಲದಿದ್ದರೆ ಪಾಪ, ಪೇಪರು ಓದುವವರು ಯಾರು?

ಆಗಸ್ಟ್ 23, ಭಾನುವಾರ

ಇವತ್ತು ಪೂರ್ವಭಾವಿ ಪರೀಕ್ಷೆ. ಬೆಳಿಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಐಚ್ಛಿಕದ್ದು. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದಕ್ಕೆ ಗುರುತು ಹಾಕಬೇಕು. ಬೆಂಗಳೂರಿಗೆ ಅವಳೊಬ್ಬಳೇ ಹೋದಳು. ನಾವಿಬ್ಬರೂ ಬರುತ್ತೇವೆ ಅಂದರೆ, "ನೀವಿಬ್ರೂ ಗೇಟಿನ ಹತ್ರ ಕಿತ್ತಾಡಿದ್ರೆ ಒಳಗೆ ಕೇಳಿಸುತ್ತೆ," ಅಂತ ಬಿಟ್ಟುಹೋದಳು. ಬಂದ ಮೇಲೆ ಹೇಗಾಯಿತು ಅಂದರೆ, "ಸೊಸೈಟಿ ಕೆಲಸಾನೇ ಕೇಳಿದ್ದಾರೆ ದೊಡ್ಡಮ್ಮ," ಅಂದಳು. ನಗುತ್ತಿದ್ದಳೋ ಇಲ್ಲವೋ ಕತ್ತಲಲ್ಲಿ ಕಾಣಲಿಲ್ಲ.

ಡಿಸೆಂಬರ್ 3, ಗುರುವಾರ

ಆಂಜಿನಿ ಸೊಸೈಟಿ ಕೆಲಸದ ಮೇಲೆ ನಿನ್ನೆಯೇ ಜಂಗಮಕೋಟೆಗೆ ಹೋಗಿದ್ದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ ಪೇಪರು ತೆಗೆದರೆ ಒಳಪುಟದಲ್ಲಿ ನಂಬರುಗಳ ಸಾಲು. ಮುಖ್ಯ ಪರೀಕ್ಷೆಗೆ ಆಯ್ಕೆಯಾದವರು. ಅವಳ ನಂಬರು ನನಗೆ ಬಾಯಲ್ಲೇ ಬರುತ್ತದೆ. ಮೂರನೇ ಕಾಲಂ, ಕೆಳಗಿನಿಂದ ಏಳನೆಯದು. ಪೇಪರನ್ನು ತಲೆಕೆಳಗು ಮಾಡಿಯೂ ಓದಿದೆ. ಅದೇ.

ಹುಳುಮನೆಯ ಕೆಲಸ ಮುನಿಶಾಮಮ್ಮನಿಗೆ ಒಪ್ಪಿಸಿ, ಆ ತುಂಡು ಕತ್ತರಿಸಿಕೊಂಡು ಬಸ್ಸು ಹತ್ತಿದೆ. ಮೇಡಂ ಈಗ ಒಂದು ಕಣ್ಣಿನಲ್ಲಿ ಓದುತ್ತಾರೆ. ಆದರೂ, "ನೀವೇ ಓದಿ," ಅಂದರು. ಓದಿದೆ. ಇನ್ನೊಂದು ಸಲ ಅಂದರು. ಇನ್ನೊಂದು ಸಲ ಓದಿದೆ. ಇಬ್ಬರೂ ಕಾಫಿ ಕುಡಿದು, ಮುಖ್ಯ ಪರೀಕ್ಷೆಗೆ ಏನೇನು ಓದಬೇಕು ಅಂತ ಪಟ್ಟಿ ಮಾಡಿದೆವು. ಅದು ಗುರುತು ಹಾಕುವುದಲ್ಲ, ಕೂತು ಪುಟಗಟ್ಟಲೆ ಬರೆಯುವುದು. ಅದಾದ ಮೇಲೆ ಸಂದರ್ಶನ. ಸಂದರ್ಶನದಲ್ಲಿ ಆಂಜಿನಮ್ಮ ಅಂತಲೇ ಹೇಳಲಿ, ಗಟ್ಟಿಯಾಗಿ ಹೇಳಲಿ ಅಂದರು ಮೇಡಂ. ಆಗಲಿ ಅಂದೆ.

ಮೂರು ಗಂಟೆಗೆ ಮನೆಗೆ ಬಂದು ತುಂಡನ್ನು ಹೊರಸುತ್ತಿಗೆ ಸಿಗಿಸಿದೆ. ಸಾಯಂಕಾಲ ಆಂಜಿನಿ ಬಂದಳು. ಚೀಲ ಇಳಿಸಿದಳು. ಬಚ್ಚಲ ಕಡೆ ಎರಡು ಹೆಜ್ಜೆ ಹೋದವಳು ನಿಂತು, ತಿರುಗಿ ಚಂದ್ರಿಕೆಯ ಮುಂದೆ ಬಂದಳು. ಕಾಲು ತೊಳೆದಿರಲಿಲ್ಲ, ಜಂಗಮಕೋಟೆಯ ಧೂಳು ಹಾಗೇ ಇತ್ತು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಬಂದು ನನ್ನ ಹೆಗಲ ಮೇಲೆ ಗದ್ದ ಇಟ್ಟು ನಿಂತಳು. ಸ್ಲೇಟು ಹಿಡಿದ ಕಾಲದಲ್ಲಿ ಹೀಗೆ ಮಾಡುತ್ತಿದ್ದಳು.

"ನಾಳೆ ಬೆಳಿಗ್ಗೇನೇ ಹೋಗಿ ಮೇಡಂಗೆ ಹೇಳಿ ಬರ್ತೀನಿ," ಅಂದಳು.

"ಅವರಿಗೆ ಗೊತ್ತು ಕಣಮ್ಮ. ಬೆಳಿಗ್ಗೆ ಪೇಪರು ಬಂದ ತಕ್ಷಣ ಹೋಗಿ ನಾನೇ ಓದಿ ಹೇಳಿ ಬಂದೆ."

ಗದ್ದ ತೆಗೆದಳು. "ಅಂದ್ರೆ ನನ್ನ ನಂಬರು ನನಗಿಂತ ಮುಂಚೆ ಮೇಡಂಗೆ ಗೊತ್ತಾಯ್ತಾ?"

"ಹೂಂ, ಮತ್ತೆ?"

ಬಚ್ಚಲಿಗೆ ಹೋದಳು. ಚೊಂಬನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಊಟಕ್ಕೆ ಕೂತಾಗಲೂ ಮುಖ ಪೂರ್ತಿ ಬಿಟ್ಟಿರಲಿಲ್ಲ. ಇಷ್ಟು ಒಳ್ಳೆಯ ದಿನ ಇದಕ್ಕೆಲ್ಲ ಮುಖ ಊದಿಸಿಕೊಳ್ಳುವಂಥದ್ದು ಏನಿದೆಯೋ, ನನಗಂತೂ ಅರ್ಥವಾಗಲಿಲ್ಲ. ಭಾನುವಾರ ಮೇಡಂ ಹತ್ತಿರ ಕೇಳಬೇಕು.